ಜಾಲತಾಣಕ್ಕೆ ಖರ್ಚಿಲ್ಲದೆ ಗಿರಾಕಿ ಬರುವ ದಾರಿ



ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿ, ಕಾಳುಮೆಣಸು, ಅಡಿಕೆ ಹಾಳೆತಟ್ಟೆ ಇವುಗಳನ್ನು ಬಳಕೆದಾರರಿಗೆ ನೇರವಾಗಿ ಮಾರಬೇಕೆಂದು ನಮ್ಮಲ್ಲಿ ಕೆಲವರು ಜಾಲತಾಣ ಮಾಡಿಸಿದ್ದೇವೆ. ತಿಂಗಳುಗಟ್ಟಲೆ ಒಬ್ಬ ಗಿರಾಕಿಯೂ ಬಾರದಿದ್ದಾಗ ಜಾಹೀರಾತಿಗೆ ಹಣ ಸುರಿಯುತ್ತೇವೆ. ಜಾಹೀರಾತು ನಿಂತ ದಿನ ಗಿರಾಕಿಯೂ ನಿಲ್ಲುತ್ತಾನೆ. ಇನ್ನೊಂದು ದಾರಿಯಿದೆ, ಅದಕ್ಕೆ ಹಣ ಬೇಡ, ಶ್ರಮ ಬೇಕು. ಅದೇ ಗೂಗಲ್‌ನಂತಹ ಹುಡುಕುಯಂತ್ರದ ದಾರಿ.

ಮೊದಲು ಈ ಯಂತ್ರದ ಕೆಲಸವನ್ನು ತಿಳಿಯೋಣ. ಅದು ಒಂದು ಪುಟದ ಕೊಂಡಿಯಿಂದ ಇನ್ನೊಂದು ಪುಟಕ್ಕೆ ಹೋಗುತ್ತಾ ಓದುತ್ತದೆ. ಓದಿದ್ದನ್ನು, ಪುಸ್ತಕದ ಕೊನೆಯ ಪದಸೂಚಿಯಂತೆ, ತನ್ನ ಸೂಚಿಯಲ್ಲಿ ಸೇರಿಸುತ್ತದೆ. ಯಾರಾದರೂ ಹುಡುಕಿದಾಗ ಹೊಂದುವ ಪುಟಗಳನ್ನು ಯೋಗ್ಯತೆಯಂತೆ ಸಾಲಾಗಿ ತೋರಿಸುತ್ತದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಕಂಪನಿ ಆರಂಭಿಸಿದಾಗ, ಇತರ ಒಳ್ಳೆಯ ಪುಟಗಳು ಯಾವುದಕ್ಕೆ ಕೊಂಡಿ ಕೊಡುತ್ತವೆಯೋ ಆ ಪುಟ ನಂಬಲರ್ಹ ಎಂಬುದೇ ಅವರ ಮುಖ್ಯ ಆಲೋಚನೆಯಾಗಿತ್ತು. ಇಂದು ಬೇರೆ ಅನೇಕ ಅಂಶಗಳೂ ಲೆಕ್ಕಕ್ಕೆ ಬರುತ್ತವೆ. ಜಾಹೀರಾತೆಂದು ಗುರುತಿಸಿದ ಸಾಲುಗಳನ್ನು ಬಿಟ್ಟರೆ, ಉಳಿದ ಸಾಲುಗಳಲ್ಲಿ ಸ್ಥಾನವನ್ನು ಹಣ ಕೊಟ್ಟು ಕೊಳ್ಳಲಾಗದು.

ಇನ್ನು ನಾವು ಮಾಡಬೇಕಾದ ಕೆಲಸಗಳು:

1. ಪುಟ ಸೂಚಿಯಲ್ಲಿದೆಯೇ ನೋಡುವುದು. ಗೂಗಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸೈಟ್' ಎಂದು ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಮ್ಮ ತಾಣದ ವಿಳಾಸ ಬರೆದರೆ ಸೇರಿರುವ ಪುಟಗಳು ಕಾಣುತ್ತವೆ. ಏನೂ ಕಾಣದಿದ್ದರೆ ಗೂಗಲ್‌ನ ಉಚಿತ ಸೇವೆಯಾದ ಸರ್ಚ್ ಕನ್ಸೋಲ್‌ನಲ್ಲಿ ತಾಣವನ್ನು ನೋಂದಾಯಿಸಿ ಕಾರಣ ತಿಳಿಯಬಹುದು. ಯಾವ ಪದ ಹುಡುಕಿದವರಿಗೆ ನಮ್ಮ ತಾಣ ಕಂಡಿತೆಂಬ ಲೆಕ್ಕವೂ ಅಲ್ಲಿ ಸಿಗುತ್ತದೆ.

2. ಗಿರಾಕಿಯ ಮಾತಿನಲ್ಲಿ ಬರೆಯುವುದು. ಇದೇ ಎಲ್ಲಕ್ಕಿಂತ ಮುಖ್ಯ. 'ಅತ್ಯುತ್ತಮ ಗುಣಮಟ್ಟದ ಉತ್ಪನ್ನ' ಎಂದು ಯಾರೂ ಹುಡುಕುವುದಿಲ್ಲ. 'ಫಿಲ್ಟರ್ ಕಾಫಿಗೆ ಚಿಕೋರಿ ಎಷ್ಟು ಬೆರೆಸಬೇಕು', 'ಅರೇಬಿಕಾಕ್ಕೂ ರೊಬಸ್ಟಾಕ್ಕೂ ವ್ಯತ್ಯಾಸವೇನು' ಎಂದು ಹುಡುಕುತ್ತಾರೆ. ಇಂತಹ ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಬರೆಯೋಣ. ಸಾಮಾನ್ಯ ಪ್ರಶ್ನೆಗೆ ಈಗ ಗೂಗಲ್ ತಾನೇ ಮೇಲ್ಗಡೆ ಉತ್ತರ ಕೊಡುವುದುಂಟು. ಆದ್ದರಿಂದ ನಮ್ಮ ತೋಟದ ನೆರಳು, ಒಣಗಿಸುವ ಕಣ, ಹುರಿಯುವ ಹದ ಮುಂತಾದ ಸ್ವಂತ ಅನುಭವದ ವಿವರಗಳಿಗೇ ಬೆಲೆ ಹೆಚ್ಚು.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. ನಾವು 'ಕೊಡಗು' ಎಂದರೆ ಹೊರಗಿನವರು 'ಕೂರ್ಗ್' ಎಂದು ಹುಡುಕುತ್ತಾರೆ. ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾದರೂ ಹಳೆಯದೇ ಹಲವರ ರೂಢಿಯಲ್ಲಿದೆ. ಇಂಗ್ಲಿಷ್ ಪುಟದಲ್ಲಿ ಎರಡೂ ರೂಪಗಳು ಸಹಜವಾಗಿ ಬರಲಿ.

3. ಪ್ರತಿ ಪುಟಕ್ಕೂ ಬೇರೆ ಶೀರ್ಷಿಕೆ ಕೊಡುವುದು. 'ನಮ್ಮ ಉತ್ಪನ್ನಗಳು' ಎಂಬುದಕ್ಕಿಂತ 'ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ಪುಡಿ, ಸಕಲೇಶಪುರ' ಎಂಬುದು ಮೇಲು. ಬೆಲೆ, ತೂಕ, ವಿಳಾಸಗಳನ್ನು ಚಿತ್ರದೊಳಗೆ ಮಾತ್ರ ಬರೆಯದೆ ಅಕ್ಷರಗಳಲ್ಲೇ ಕೊಡತಕ್ಕದ್ದು. ಗೂಗಲ್ ಮುಖ್ಯವಾಗಿ ಮೊಬೈಲ್ ರೂಪದ ಪುಟವನ್ನೇ ಪರಿಗಣಿಸುವುದರಿಂದ, ಪುಟವನ್ನು ಮೊಬೈಲ್‌ನಲ್ಲಿ ತೆರೆದು ಪರೀಕ್ಷಿಸಬೇಕು.

4. ನಕ್ಷೆಯಲ್ಲಿ ಸೇರುವುದು. ತೋಟದಲ್ಲೇ ಮಾರಾಟ ಇರುವವರು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಉಚಿತವಾಗಿ ಹೆಸರು ಸೇರಿಸಬಹುದು. ಹತ್ತಿರದಲ್ಲಿ ಕಾಫಿ ಪುಡಿ ಹುಡುಕುವ ಪ್ರವಾಸಿಗೆ ದಾರಿ ತೋರುವುದು ಅದೇ.

ಕೊನೆಯದಾಗಿ ಒಂದು ಎಚ್ಚರಿಕೆ. 'ಮೊದಲ ಸ್ಥಾನ ಖಂಡಿತ' ಎಂದು ಹಣ ಕೇಳುವವರನ್ನು ನಂಬಬಾರದು. ಅಂತಹ ಖಾತರಿ ಯಾರೂ ಕೊಡಲಾರರೆಂದು ಗೂಗಲ್ ತಾನೇ ಹೇಳಿದೆ. ಒಂದೇ ಪದವನ್ನು ಪುಟದ ತುಂಬ ತುರುಕುವುದು, ಕೊಂಡಿಗಳನ್ನು ಹಣಕ್ಕೆ ಕೊಳ್ಳುವುದು ಅದರ ನಿಯಮಕ್ಕೆ ವಿರುದ್ಧ. 2012ರಲ್ಲಿ 'ಪೆಂಗ್ವಿನ್' ಎಂಬ ಬದಲಾವಣೆ ತಂದಾಗ ಇಂತಹ ಅನೇಕ ತಾಣಗಳು ಕೆಳಗಿಳಿದವು.

ಈ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು. ಅಡಿಕೆ ಸಸಿ ನೆಟ್ಟು ವರ್ಷಗಟ್ಟಲೆ ಕಾಯುವ ನಮಗೆ ಇದು ದೊಡ್ಡ ಅವಧಿಯಲ್ಲ. ಈ ವಾರ ಗಿರಾಕಿಗಳು ಫೋನಿನಲ್ಲಿ ಕೇಳುವ ಹತ್ತು ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ನಮ್ಮ ತಾಣದ ಮೊದಲ ಹತ್ತು ಪುಟಗಳು ಅವೇ.