ಖೋಟಾ ರೆಕ್ಕೆಯ ಚಿಟ್ಟೆ

ಬಾರಾಮತಿಯ ಕಬ್ಬಿನ ಹೊಲದ ಬದುವಿನಲ್ಲಿ ಎಕ್ಕದ ಗಿಡವಿದ್ದರೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಸುತ್ತುತ್ತಿರುತ್ತೆ. ಎಕ್ಕ ತಿಂದು ಬೆಳೆದ ಮೈ ಕಹಿ, ಹಕ್ಕಿಗಳು ಮುಟ್ಟೋದಿಲ್ಲ. ಡೆನೈಡ್ ಎಗ್‌ಫ್ಲೈ ಹೆಣ್ಣಿಗೆ ಆ ಕಹಿಯಿಲ್ಲ, ವೇಷ ಮಾತ್ರ ಅದೇ. ವಾಣಿಜ್ಯ ಓದುವ ನನಗೆ ಇದು ಖೋಟಾ ನೋಟಿನ ಲೆಕ್ಕವೇ: ಅಸಲಿ ಹೆಚ್ಚಿದ್ದರಷ್ಟೇ ನಕಲಿಗೆ ಚಲಾವಣೆ. ಹಿಂದಿನ ರೆಕ್ಕೆಯ ನಡುವೆ ಕರಿಚುಕ್ಕೆಗಳಿದ್ದರೆ ಅಸಲಿ. ಗಂಡು ಬೇರೆಯೇ, ಕಡುಗಪ್ಪಿನ ಮೇಲೆ ನೇರಳೆ ಅಂಚಿನ ಬಿಳಿ ಬೊಟ್ಟು. ಗಂಡಹೆಂಡತಿ ಎಂದರೆ ಯಾರೂ ನಂಬಲ್ಲ!

ಮೊಟ್ಟೆಯೊಡೆದು ಬರುವ ಮುಳ್ಳುಮೈಯ ಹುಳು ಗೋಳಿ ಸೊಪ್ಪು ತಿಂದು, ಕೋಶವಾಗಿ ತೂಗಿ, ಚಿಟ್ಟೆಯಾಗುತ್ತೆ. ಇಲ್ಲಿನವರು ಘೋಳ ಎಂದು ಪಲ್ಯ ಮಾಡುವುದೂ ಇದನ್ನೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಟ್ಟೆಯನ್ನೇನೋ ಕಾಯುತ್ತೆ. ಹೊಲದವರಿಗೆ ಗೋಳಿ ಬರೀ ಕಳೆ, ಔಷಧಿ ಹೊಡೀತಾರೆ. ಮಳೆಗಾಲ ಮುಗಿದ ಮೇಲೆ ಗೋಳಿ ಹಬ್ಬಿದ ಪಾಳು ಜಾಗ ಸಿಕ್ಕರೆ, ಗೆಳೆಯರೇ, ಸ್ವಲ್ಪ ಹೊತ್ತು ನಿಂತು ಹಿಂದಿನ ರೆಕ್ಕೆ ನೋಡಿ.