ಮೊದಲು ವೈಸ್, ಆಮೇಲೆ ಗ್ರೈಂಡರ್

ಹುಳಿಮಾವಿನ ಮನೆ ತಾರಸಿಯಲ್ಲಿ ಚಾಕು ಮಾಡಲು ಕೂತವರಿಗೆ ಬೆಲ್ಟ್ ಗ್ರೈಂಡರಿನ ಆಸೆ ಬೇಗ ಹತ್ತುತ್ತದೆ. ಸ್ವಲ್ಪ ತಡೆಯಿರಿ. ಎಸ್‌.ಪಿ. ರೋಡಿಗೆ ಹೋದಾಗ ಮೊದಲು ತರಬೇಕಾದ್ದು ತೂಕದ ಬೆಂಚ್ ವೈಸ್, ಒಂದು ಒಳ್ಳೆಯ ಅರ. ಉಕ್ಕಿನ ಪಟ್ಟಿ ಅಲುಗಾಡಿದರೆ ಎಂಥ ದುಬಾರಿ ಅರವೂ ಕುಣಿದು ಗೀರು ಹಾಕುತ್ತದೆ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ಹಿಂದಕ್ಕೆ ತರುವಾಗ ಎತ್ತಿಬಿಡಿ. ಹಲ್ಲುಗಳಿಗೆ ಸೀಮೆಸುಣ್ಣ ಸವರಿದರೆ ಪುಡಿ ಕಚ್ಚಿಕೊಳ್ಳುವುದು ಕಡಿಮೆ.

ಮುಂದಿನ ಖರ್ಚು ಹದಕ್ಕೆ. ಕಾಸಿದ ಕಾರ್ಬನ್ ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದನ್ನು ನೋಡಲು ಹಳೆಯ ಸ್ಪೀಕರಿನ ಅಯಸ್ಕಾಂತ ಸಾಕು, ಕಾಸು ಖರ್ಚಿಲ್ಲ. ಇನ್ನೂ ತುಸು ಕಾಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ. ಆಗ ಅಲಗು ಗಾಜಿನಷ್ಟು ಪೆಡಸು, ಕೈಜಾರಿದರೆ ಎರಡು ತುಂಡು. ತಡಮಾಡದೆ ಓಟಿಜಿಯಲ್ಲಿ 200 ಡಿಗ್ರಿ ಆಸುಪಾಸಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಡಿ. ಸೆಕೆಂಡ್‌ಹ್ಯಾಂಡ್ ಓಟಿಜಿ ಆದೀತು, ಆದರೆ ಅದರ ತಿರುಗುಗುಂಡಿಯನ್ನು ನಂಬಬೇಡಿ. ಒಳಗಿಡುವ ಥರ್ಮಾಮೀಟರ್ ತನ್ನಿ. ಅಡುಗೆಮನೆಯ ಓಟಿಜಿಯನ್ನಂತೂ ಮುಟ್ಟಬೇಡಿ, ಎಣ್ಣೆಯ ಕಮಟು ಕೇಕಿಗೆ ಹತ್ತಿದರೆ ಮನೆಯಲ್ಲಿ ರಾಮಾಯಣ.

ಇಷ್ಟಾದ ಮೇಲೆ ಗ್ರೈಂಡರ್. ಅದರ ಜೊತೆಗೇ ಕನ್ನಡಕ, ಎನ್‌95 ಮಾಸ್ಕ್ ಬರಲಿ. ಗೋಡೆಗೆ ಗೋಡೆ ತಾಗಿದ ಬೀದಿಗಳಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟು ಚಾಲೂ ಮಾಡಿ.