ವೈನ್ ತ್ಯಾಜ್ಯದಲ್ಲಿ ಸೂಕ್ಷ್ಮಪಾಚಿ: ಲಾಭದ ಲೆಕ್ಕ ಎಲ್ಲಿಂದ ಆರಂಭವಾಗಬೇಕು?

ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ಪ್ರಕಟಿಸಿದ ತರುವಾಯ ನಂದಿಬೆಟ್ಟದ ತಪ್ಪಲು ಮತ್ತು ವಿಜಯಪುರ ಭಾಗದ ವೈನ್ ತಯಾರಿಕೆಗೆ ಉತ್ತೇಜನ ದೊರೆಯಿತು. ಉತ್ಪನ್ನ ಹೆಚ್ಚಿದಂತೆ ತ್ಯಾಜ್ಯವೂ ಹೆಚ್ಚುವುದು ಸಹಜ. ಈ ತ್ಯಾಜ್ಯವನ್ನೇ ಆಹಾರವಾಗಿ ಬಳಸಿ ಸೂಕ್ಷ್ಮಪಾಚಿ ಬೆಳೆಸುವ ವಿಧಾನವು ಉದ್ಯಮಿಗಳ ಆಸಕ್ತಿಯನ್ನು ಸೆಳೆಯುವಂಥದು. ಆದರೆ ಒಣಪಾಚಿಯ ಮಾರಾಟ ಬೆಲೆಯಿಂದಲೇ ಲೆಕ್ಕವನ್ನು ಆರಂಭಿಸಿದವರಿಗೆ ನಷ್ಟವಾಗುವ ಸಂಭವವೇ ಹೆಚ್ಚು.

ತ್ಯಾಜ್ಯದ ಸ್ವರೂಪ

ವೈನರಿಯಿಂದ ಹೊರಬರುವ ತ್ಯಾಜ್ಯ ನಾಲ್ಕು ಬಗೆಯದು: ಸಿಪ್ಪೆ, ಬೀಜಗಳಿಂದ ಕೂಡಿದ ಹಿಪ್ಪೆ; ತೊಟ್ಟಿಯ ತಳದಲ್ಲಿ ನಿಲ್ಲುವ ಗಸಿ; ತೊಳೆದ ನೀರು; ಹುದುಗುವಿಕೆಯಲ್ಲಿ ಹೊಮ್ಮುವ ಇಂಗಾಲದ ಡೈಆಕ್ಸೈಡ್. ತೊಳೆದ ನೀರಿನಲ್ಲಿ ಸಕ್ಕರೆ, ಆಲ್ಕೊಹಾಲ್ ಹಾಗೂ ಸಾವಯವ ಆಮ್ಲಗಳಿರುತ್ತವೆ. ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನದಂಡದಂತೆ, ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ, ಸಿ.ಓ.ಡಿ. 250 ಮಿಲಿಗ್ರಾಂ ಮೀರಬಾರದು. ಸುಗ್ಗಿಯ ಕಾಲದಲ್ಲಿ ವೈನರಿ ನೀರಿನ ಸಿ.ಓ.ಡಿ. ಹಲವು ಸಾವಿರ ಮಿಲಿಗ್ರಾಂ ತಲುಪುವುದುಂಟು. ಆದುದರಿಂದ ಪಾಚಿ ಬೆಳೆಸಿದರೂ ಬೆಳೆಸದಿದ್ದರೂ ಶುದ್ಧೀಕರಣದ ವೆಚ್ಚ ತಪ್ಪದು.

ಕ್ರಮವಿಧಾನ

ಕ್ಲೋರೆಲ್ಲಾದಂತಹ ಪಾಚಿಗಳು ಬೆಳಕಿನ ಜೊತೆಗೆ ನೀರಿನಲ್ಲಿ ಕರಗಿದ ಕೆಲವು ಸಾವಯವ ವಸ್ತುಗಳನ್ನೂ ಬಳಸಿ ಬೆಳೆಯಬಲ್ಲವು. ಆದರೆ ವೈನರಿಯ ನೀರನ್ನು ನೇರವಾಗಿ ಕೊಳಕ್ಕೆ ಹರಿಸುವಂತಿಲ್ಲ. ಅದು ಆಮ್ಲೀಯವಾಗಿರುತ್ತದೆ, ಅದರ ಗಾಢ ಬಣ್ಣ ಬೆಳಕನ್ನು ತಡೆಯುತ್ತದೆ, ಸಾರಜನಕ ಸಾಲದು. ಮೊದಲು ಗಸಿಯನ್ನು ಬೇರ್ಪಡಿಸಿ, ನೀರನ್ನು ಜೈವಿಕ ಅನಿಲ ಘಟಕದಲ್ಲಿ ಸಂಸ್ಕರಿಸಿ, ಬಳಿಕ ಆಮ್ಲೀಯತೆ ಹಾಗೂ ಸಾರಜನಕವನ್ನು ಸರಿಪಡಿಸಿ ಪಾಚಿಯ ಕೊಳಕ್ಕೆ ಬಿಡುವುದು ಸೂಕ್ತ ಕ್ರಮ. ಸ್ಪಿರುಲಿನಾಕ್ಕಾದರೆ ಕ್ಷಾರೀಯ ನೀರು ಅಗತ್ಯ. ಅದಕ್ಕೆ ಬೇಕಾಗುವ ಸೋಡಾದ ಖರ್ಚು ಬೇರೆ.

ಹುದುಗುವಿಕೆಯ ಅನಿಲವೂ ಉಪಯುಕ್ತವೇ. 100 ಕಿಲೋ ಸಕ್ಕರೆ ಹುದುಗಿದಾಗ ಸುಮಾರು 49 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಒಂದು ಕಿಲೋ ಒಣಪಾಚಿಗೆ ಬೇಕಾಗುವುದು ಸುಮಾರು 1.8 ಕಿಲೋ. ಆದರೆ ಹುದುಗುವಿಕೆ ಕೆಲವೇ ದಿನಗಳಲ್ಲಿ ಮುಗಿಯುವುದರಿಂದ, ಅಷ್ಟೂ ಅನಿಲವನ್ನು ಕೊಳವು ಆ ಅವಧಿಯಲ್ಲೇ ಹೀರಿಕೊಳ್ಳಲಾರದು.

ಅಂಕಿಗಳು ಹೇಳುವುದೇನು?

1,000 ಚದರ ಮೀಟರ್ ವಿಸ್ತಾರದ, 20 ಸೆಂಟಿಮೀಟರ್ ಆಳದ ತೆರೆದ ಕೊಳವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರಲ್ಲಿ 2 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ ಚದರ ಮೀಟರಿಗೆ 10 ಗ್ರಾಂ ಬೆಳವಣಿಗೆಯಾದರೆ ದೊರೆಯುವುದು 10 ಕಿಲೋ ಒಣಪಾಚಿ. ಲೀಟರ್ ನೀರಿನಲ್ಲಿ ಪಾಚಿ ಅರ್ಧ ಗ್ರಾಂ ಇದ್ದರೆ, ಈ 10 ಕಿಲೋಗಾಗಿ ಪ್ರತಿದಿನ 20,000 ಲೀಟರ್ ನೀರನ್ನು ಸೋಸಬೇಕು. ಕಣಗಳು ಅತಿ ಸೂಕ್ಷ್ಮವಾದುದರಿಂದ ಸೋಸುವ ಮತ್ತು ಒಣಗಿಸುವ ವಿದ್ಯುತ್ ವೆಚ್ಚವೇ ಯೋಜನೆಯ ಅಳಿವು-ಉಳಿವನ್ನು ನಿರ್ಧರಿಸುತ್ತದೆ.

ಇನ್ನೊಂದು ತೊಡಕು ಋತುಮಾನದ್ದು. ರಾಜ್ಯದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ವರ್ಷದ ಮೊದಲ ಕೆಲವು ತಿಂಗಳಿಗೆ ಸೀಮಿತ. ಸವಕಳಿ ಮತ್ತು ಬಡ್ಡಿಯಾದರೋ ಹನ್ನೆರಡು ತಿಂಗಳೂ ನಡೆಯುತ್ತವೆ. ಹಲವು ವೈನರಿಗಳು ಸೇರಿ, ಸಮೀಪದ ಹಣ್ಣಿನ ರಸ ಅಥವಾ ಹಾಲು ಸಂಸ್ಕರಣಾ ಘಟಕಗಳ ನೀರನ್ನೂ ಬಳಸುವ ಸಾಮೂಹಿಕ ಘಟಕವಾದರೆ ಕೊಳವು ಬರಿದಾಗಿ ಉಳಿಯದು.

ಲೆಕ್ಕಪತ್ರ ಮತ್ತು ತೆರಿಗೆ

ಲೆಕ್ಕಪತ್ರ ಮಾನಕ 2ರ ಪ್ರಕಾರ, ಗಣನೀಯವಲ್ಲದ ಉಪೋತ್ಪನ್ನವನ್ನು ನಿವ್ವಳ ವಸೂಲಿ ಮೌಲ್ಯದಲ್ಲಿ ಅಳೆದು, ಆ ಮೊತ್ತವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯಲಾಗುತ್ತದೆ. ಯೋಜನೆಯ ಪರಿಶೀಲನೆಗೂ ಇದೇ ದೃಷ್ಟಿ ಒಪ್ಪುತ್ತದೆ: ಶುದ್ಧೀಕರಣದಲ್ಲಿ ಉಳಿದ ಹಣವನ್ನು ಮೊದಲು ಲೆಕ್ಕಕ್ಕೆ ಹಿಡಿದು, ಪಾಚಿಯ ಮಾರಾಟವನ್ನು ಹೆಚ್ಚುವರಿ ಆದಾಯವೆಂದು ಭಾವಿಸತಕ್ಕದ್ದು.

ಮಾನವ ಸೇವನೆಯ ಮದ್ಯವು ಜಿ.ಎಸ್.ಟಿ. ವ್ಯಾಪ್ತಿಯಿಂದ ಹೊರಗಿದೆ. ವೈನರಿಯೊಂದು ತೆರಿಗೆಗೊಳಪಡುವ ಪಾಚಿ ಉತ್ಪನ್ನವನ್ನೂ ಮಾರಿದಲ್ಲಿ, ಎರಡಕ್ಕೂ ಸಮಾನವಾಗಿ ಬಳಕೆಯಾದ ಸರಕು, ಸೇವೆಗಳ ಮೇಲಿನ ಇನ್‌ಪುಟ್ ತೆರಿಗೆ ಜಮೆಯು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17ನೇ ಕಲಮಿನನ್ವಯ ಅನುಪಾತದಲ್ಲಿ ಮಾತ್ರ ಲಭ್ಯ. ಸಂಪೂರ್ಣ ಜಮೆ ದೊರೆಯುವುದೆಂದು ಎಣಿಸಿ ಯೋಜನಾ ವರದಿ ಸಿದ್ಧಪಡಿಸುವುದು ತರವಲ್ಲ.

ತ್ಯಾಜ್ಯ ನೀರಿನಲ್ಲಿ ಬೆಳೆದ ಪಾಚಿಯನ್ನು ಮಾನವ ಆಹಾರವಾಗಿ ಮಾರುವ ಯೋಚನೆ ಆರಂಭದಲ್ಲಿ ಬೇಡ. ತನ್ನದೇ ದ್ರಾಕ್ಷಿ ತೋಟಕ್ಕೆ ಗೊಬ್ಬರವಾಗಿ ಬಳಸುವುದು ಸುಲಭದ ದಾರಿ. ಒಣಗಿಸುವ ಖರ್ಚೂ ಅಲ್ಲಿ ಉಳಿಯುತ್ತದೆ.

ಹಣ ಹೂಡುವ ಮುನ್ನ ಉದ್ಯಮಿಯು ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು: ಈಗ ಶುದ್ಧೀಕರಣಕ್ಕೆ ತಗಲುವ ವಾರ್ಷಿಕ ವೆಚ್ಚ, ಕೊಳವು ವರ್ಷದಲ್ಲಿ ನಡೆಯುವ ದಿನಗಳು, ಒಂದು ಕಿಲೋ ಪಾಚಿಯನ್ನು ನೀರಿನಿಂದ ಬೇರ್ಪಡಿಸುವ ಖರ್ಚು. ಪಾಚಿಯ ಮಾರಾಟ ಬೆಲೆಯನ್ನು ಸೊನ್ನೆ ಎಂದಿಟ್ಟರೂ ಹೆಚ್ಚು ನಷ್ಟ ತೋರದ ಯೋಜನೆಗೆ ಕೈಹಾಕಬಹುದು.